ತೈಲಸ್ರಾವದ ನಿದಾನ: ನಡುವಟ್ಟದ ಘಟ್ಟದಲ್ಲಿ ಹಳೆಯ ಬುಲೆಟ್

ಹಳೆಯ ಬುಲೆಟ್ ಮೋಟಾರು ಸೈಕಲ್ಲಿನ ಅಡಿಯಲ್ಲಿ ಎಣ್ಣೆಯ ಕಲೆ ಕಂಡರೆ ಅದನ್ನು ಆ ಯಂತ್ರದ ಹುಟ್ಟುಗುಣವೆಂದು ಬಗೆದು ಸುಮ್ಮನಾಗುವವರು ನಮ್ಮಲ್ಲಿ ಬಹುಮಂದಿ. ಎಣ್ಣೆ ಸೋರದ ಬುಲೆಟ್ಟಿನಲ್ಲಿ ಎಣ್ಣೆಯೇ ಇಲ್ಲವೆಂದು ತಿಳಿಯಬೇಕೆಂಬ ಮಾತು ಗ್ಯಾರೇಜುಗಳಲ್ಲಿ ಬಹುಕಾಲದಿಂದ ಪ್ರಚಾರದಲ್ಲಿದೆ. ಇವರಿಗೆ ವಿರುದ್ಧವಾಗಿ, ಎಲ್ಲಿ ಒದ್ದೆ ಕಂಡಿತೋ ಅಲ್ಲಿನ ಪ್ಯಾಕಿಂಗನ್ನು ಕಿತ್ತು ಹೊಸದನ್ನು ಹಾಕಿಸುವುದೇ ಪರಿಹಾರವೆಂದು ನಂಬಿದವರ ಪಕ್ಷವೊಂದುಂಟು. ಪ್ಯಾಕಿಂಗಿನ ಗೊಡವೆಯೇ ಬೇಡ, ಕೀಲುಗಳಿಗೆಲ್ಲ ಹೊರಗಿನಿಂದಲೇ ಅಂಟು ಮೆತ್ತಿದರಾಯಿತೆನ್ನುವವರ ಪಕ್ಷ ಇನ್ನೊಂದು. ಈ ಮೂರು ಪಕ್ಷಗಳೂ ಬೇರೆಬೇರೆಯಾಗಿ ತೋರಿದರೂ ಒಂದು ವಿಷಯದಲ್ಲಿ ಏಕಾಭಿಪ್ರಾಯವುಳ್ಳವು: ಎಣ್ಣೆ ಹೊರಬರುತ್ತಿರುವ ಸ್ಥಳವನ್ನು ಮಾತ್ರ ನೋಡುತ್ತವೆ, ಅದನ್ನು ಹೊರಕ್ಕೆ ನೂಕುತ್ತಿರುವ ಬಲವನ್ನು ವಿಚಾರಿಸುವುದಿಲ್ಲ. ಎಂಜಿನಿನ ಒಡಲಲ್ಲಿ ಒತ್ತಡವು ಇರಬೇಕಾದ ಮಿತಿಯಲ್ಲಿದ್ದರೆ ಸಾಧಾರಣವಾದ ಪ್ಯಾಕಿಂಗೂ ವರ್ಷಗಟ್ಟಲೆ ಬಾಳುತ್ತದೆ. ಒತ್ತಡವು ಮಿತಿಮೀರಿದರೆ ಎಷ್ಟೇ ಶ್ರೇಷ್ಠವಾದ ಪ್ಯಾಕಿಂಗಾದರೂ ಕೆಲವೇ ದಿನಗಳಲ್ಲಿ ಸೋಲುತ್ತದೆ. ತೈಲಸ್ರಾವದ ವಿಚಾರವಾಗಿ ಇದುವರೆಗೆ ರೂಢಿಯಲ್ಲಿರುವ ಪರೀಕ್ಷೆಗಳನ್ನೂ ಪರಿಹಾರಗಳನ್ನೂ ಈ ದೃಷ್ಟಿಯಿಂದ ಒಮ್ಮೆ ತೂಗಿನೋಡುವುದು ಈ ಲೇಖನದ ಉದ್ದೇಶ.

ಇಂಥ ಸಮೀಕ್ಷೆಗೆ ನೀಲಗಿರಿಯ ನಡುವಟ್ಟಂ ಅತ್ಯಂತ ಅನುಕೂಲವಾದ ನೆಲೆ. ಮೈಸೂರಿನಿಂದ ಗುಂಡ್ಲುಪೇಟೆ, ಬಂಡೀಪುರ, ತೆಪ್ಪಕಾಡುಗಳನ್ನು ದಾಟಿ ಗೂಡಲೂರನ್ನು ಸೇರುವ ದಾರಿಯು ಅಲ್ಲಿಂದ ಮುಂದೆ ಉದಕಮಂಡಲದ ಕಡೆಗೆ ಘಟ್ಟವೇರುವಾಗ, ಸೂಜಿಮಲೆಯ ನೋಟಗಳನ್ನು ಕಳೆದು, ಈ ಊರನ್ನು ಮುಟ್ಟುತ್ತದೆ. 1860ರ ದಶಕದಲ್ಲಿ ಆಂಗ್ಲರ ಸರ್ಕಾರವು ಸಿಂಕೋನಾ ಮರಗಳನ್ನು ಬೆಳೆಸಿ, ಮುಂದೆ ಕ್ವಿನೈನ್ ತಯಾರಿಸಿದ ಊರು ಇದೇ. ಈಗ ಸುತ್ತಲೂ ಚಹದ ತೋಟಗಳಿವೆ. ಗೂಡಲೂರು ಸಮುದ್ರಮಟ್ಟದಿಂದ ಸಾವಿರ ಮೀಟರಿಗೆ ತುಸು ಮೇಲಿದ್ದರೆ ನಡುವಟ್ಟಂ ಸುಮಾರು 1,900 ಮೀಟರಿನಷ್ಟು ಎತ್ತರದಲ್ಲಿದೆ. ಎಂದರೆ ಒಂದು ಗಂಟೆಗೂ ಕಡಿಮೆ ಹೊತ್ತಿನ ಪ್ರಯಾಣದಲ್ಲಿ ಯಂತ್ರವು ಸುಮಾರು 800 ಮೀಟರು ಏರುತ್ತದೆ ಅಥವಾ ಇಳಿಯುತ್ತದೆ. ಬಯಲುಸೀಮೆಯ ನೇರವಾದ ರಸ್ತೆಯಲ್ಲಿ ತಿಂಗಳುಗಟ್ಟಲೆ ಅಡಗಿರುವ ದೋಷವು ಈ ಒಂದು ಏರಿಳಿತದಲ್ಲಿ ಪ್ರಕಟವಾಗಿಬಿಡುವುದುಂಟು. ತೋಟಗಳ ಮೇಸ್ತ್ರಿಗಳೂ ಬಡಗರ ಹಟ್ಟಿಗಳ ಬೆಳೆಗಾರರೂ ಹಳೆಯ ಬುಲೆಟ್ಟುಗಳನ್ನು ಹಾಗೂ ಮೈಸೂರಿನ ಜಾವಾಗಳನ್ನು ಪ್ರೀತಿಯಿಂದ ಉಳಿಸಿಕೊಂಡಿರುವ ಸೀಮೆಯೂ ಇದಾದುದರಿಂದ ಈ ಪ್ರಶ್ನೆಗೆ ಇಲ್ಲಿ ನಿತ್ಯೋಪಯೋಗವಿದೆ.

ಸೋರಿಕೆಯನ್ನು ಅಲಕ್ಷ್ಯ ಮಾಡುವವರು ಒಂದು ಸಣ್ಣ ಲೆಕ್ಕವನ್ನು ಹಾಕಿ ನೋಡಬೇಕು. ನಿಮಿಷಕ್ಕೊಂದು ಹನಿ ಎಂದರೆ ಯಾರೂ ಗಾಬರಿಗೊಳ್ಳುವಂತಹುದಲ್ಲ. ಎಣ್ಣೆಯ 25 ಹನಿಗಳು ಕೂಡಿದರೆ ಒಂದು ಮಿಲಿಲೀಟರ್ ಎಂದು ಹಿಡಿದರೂ, ದಿನವೊಂದರ 1,440 ನಿಮಿಷಗಳಲ್ಲಿ ಸುಮಾರು 58 ಮಿಲಿಲೀಟರ್ ಎಣ್ಣೆ ಹೋಗುತ್ತದೆ; ಇದೇ ತಿಂಗಳೊಂದಕ್ಕೆ ಒಂದೂಮುಕ್ಕಾಲು ಲೀಟರಿಗೆ ಹತ್ತಿರವಾಯಿತು. ಹಳೆಯ ಬುಲೆಟ್ಟಿನ ಎಂಜಿನ್ ಹಿಡಿಯುವುದೇ ಸುಮಾರು ಎರಡೂಕಾಲು ಲೀಟರು. ಎಣ್ಣೆಯ ಹಣಕ್ಕಿಂತಲೂ ಗುರುತರವಾದುದು ಅದು ಹೋಗಿ ಬೀಳುವ ಸ್ಥಳ. ಓಡುವ ವಾಹನದ ಎಣ್ಣೆಯು ಗಾಳಿಯ ರಭಸಕ್ಕೆ ಹಿಂದಕ್ಕೆ ಹರಿದು ಹಿಂದಿನ ಟಯರಿನ ಅಂಚನ್ನು ಸೇರುತ್ತದೆ. ವಾಹನವು ತಿರುವಿನಲ್ಲಿ ವಾಲಿದಾಗ ರಸ್ತೆಯನ್ನು ಹಿಡಿಯಬೇಕಾದುದು ಅದೇ ಅಂಚು. ಗೂಡಲೂರಿನ ಘಟ್ಟದಲ್ಲಿ, ಅಥವಾ ಕಲ್ಲಟ್ಟಿಯ ಮೂಲಕ ಮಸಿನಗುಡಿಗೆ ಇಳಿಯುವ 36 ಹೇರ್‌ಪಿನ್ ತಿರುವುಗಳಲ್ಲಿ, ಎಣ್ಣೆ ಮೆತ್ತಿದ ಟಯರಿನಿಂದ ಇಳಿಯುವುದು ಪ್ರಾಣಾಪಾಯವನ್ನು ಕೈಯಾರೆ ತಂದುಕೊಂಡಂತೆ. ಅಲ್ಲದೆ, ದಾರಿಯ ಮೇಲೆ ಬಿದ್ದ ಎಣ್ಣೆಯು ಮೊದಲ ಮಳೆಗೆ ಚರಂಡಿಯಿಂದ ಹಳ್ಳಕ್ಕೆ ಸೇರುತ್ತದೆ. 1986ರಲ್ಲಿ ಜೀವಗೋಳ ಮೀಸಲು ಪ್ರದೇಶವೆಂದು ಘೋಷಿತವಾದ ಈ ಗಿರಿಶ್ರೇಣಿಯ ನೀರನ್ನು ಮಲಿನಗೊಳಿಸಿ ನಮ್ಮ ಹವ್ಯಾಸವನ್ನು ನಡೆಸಬೇಕಾದ ಅಗತ್ಯವೇನೂ ಇಲ್ಲ.

ನಿದಾನಕ್ಕೆ ತೊಡಗುವ ಮುನ್ನ ಈ ಎಂಜಿನಿನ ಒಳರಚನೆಯನ್ನು ಸ್ಥೂಲವಾಗಿಯಾದರೂ ತಿಳಿದಿರಬೇಕು. ಇಂಗ್ಲೆಂಡಿನ ರೆಡಿಚ್ಚಿನಲ್ಲಿ ರೂಪುಗೊಂಡ 350ರ ಬುಲೆಟ್, 1955ರಲ್ಲಿ ಮದ್ರಾಸ್ ಮೋಟಾರ್ಸ್ ಸಂಸ್ಥೆಯ ಸಹಯೋಗದಿಂದ ಹುಟ್ಟಿದ ಎನ್‌ಫೀಲ್ಡ್ ಇಂಡಿಯಾದ ಮೂಲಕ ನಮ್ಮ ದೇಶದ ಯಂತ್ರವಾಯಿತು. ಮದ್ರಾಸಿನ ಹೊರವಲಯದ ತಿರುವೊಟ್ರಿಯೂರಿನ ಕಾರ್ಖಾನೆಯಿಂದ ಹೊರಬಿದ್ದ ಆ ಎರಕದ ಕಬ್ಬಿಣದ ಬೋರಿನ ಎಂಜಿನ್, ಸಣ್ಣಪುಟ್ಟ ಮಾರ್ಪಾಡುಗಳೊಡನೆ, ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಬಾಳಿತು. ಅದರ ಎಣ್ಣೆಯ ತೊಟ್ಟಿ ಬೇರೆಯಾಗಿ ಇರದೆ ಕ್ರ್ಯಾಂಕ್ ಚೇಂಬರಿನ ಎರಕದಲ್ಲಿಯೇ ಹಿಂಭಾಗಕ್ಕೆ ಕೂಡಿಕೊಂಡಿದೆ. ಬಲಗಡೆಯ ಟೈಮಿಂಗ್ ಕವರಿನಲ್ಲಿ ಎರಡು ಪಂಪುಗಳಿದ್ದು, ಒಂದು ತೊಟ್ಟಿಯ ಎಣ್ಣೆಯನ್ನು ಕ್ರ್ಯಾಂಕಿಗೆ ಒತ್ತುತ್ತದೆ; ಇನ್ನೊಂದು, ಮೊದಲನೆಯದಕ್ಕಿಂತ ಹೆಚ್ಚಿನ ಸಾಮರ್ಥ್ಯವುಳ್ಳದ್ದು, ಚೇಂಬರಿನ ತಳಕ್ಕೆ ಬಿದ್ದ ಎಣ್ಣೆಯನ್ನು ಹೀರಿ ಮೇಲಕ್ಕೂ ತೊಟ್ಟಿಗೂ ಮರಳಿಸುತ್ತದೆ. ಎಡಗಡೆಯಲ್ಲಿ ಕ್ಲಚ್ಚು ಮತ್ತು ಪ್ರೈಮರಿ ಚೈನುಗಳಿರುವ ಪೆಟ್ಟಿಗೆಗೆ ತನ್ನದೇ ಬೇರೆ ಎಣ್ಣೆಯುಂಟು. ಹಿಂದಿರುವ ಆಲ್ಬಿಯನ್ ಮಾದರಿಯ ಗೇರ್ ಬಾಕ್ಸಿಗೆ ಇನ್ನೂ ಬೇರೆಯಾದ, ಗ್ರೀಸಿನಂತೆ ಮಂದವಾದ ಸ್ನೇಹದ್ರವ್ಯ. ಹೀಗೆ ಒಂದೇ ವಾಹನದಲ್ಲಿ ಮೂರು ತೈಲಾಶಯಗಳಿರುವಾಗ, ನೆಲದ ಮೇಲೆ ಬಿದ್ದ ಕಲೆಯನ್ನು ಕಂಡೊಡನೆ ಎಂಜಿನಿನ ತಲೆಗೆ ಪಾನಾ ಹಾಕುವುದು ಅವಿವೇಕ.

ಆದುದರಿಂದ ಮೊದಲು ದ್ರವದ ಗುರುತು. ರಾತ್ರಿ ವಾಹನದ ಅಡಿಯಲ್ಲಿ ಬಿಳಿಯ ರಟ್ಟನ್ನು ಹಾಸಿ ಅದರ ಮೇಲೆ ಎರಡು ಚಕ್ರಗಳ ಸ್ಥಾನವನ್ನು ಗುರುತಿಸಿಟ್ಟರೆ, ಬೆಳಗ್ಗೆ ಕಲೆಗಳು ಯಾವ ಭಾಗದ ನೇರಕ್ಕೆ ಬಿದ್ದಿವೆಯೆಂಬುದು ತಿಳಿಯುತ್ತದೆ. ಎಂಜಿನಿನ ಎಣ್ಣೆ ಸುಟ್ಟವಾಸನೆಯೊಡನೆ ಕಪ್ಪಗಿರುತ್ತದೆ; ಪ್ರೈಮರಿಯ ಎಣ್ಣೆಯಲ್ಲಿ ಕ್ಲಚ್ಚಿನ ಪುಡಿ ಬೆರೆತು ಬೂದುಬಣ್ಣ ಬರುವುದುಂಟು; ಗೇರ್ ಬಾಕ್ಸಿನದು ಎಳೆಯೆಳೆಯಾಗಿ ಜೋಲುತ್ತದೆ, ಕೆಲವು ಗೇರ್ ಎಣ್ಣೆಗಳಿಗೆ ಗಂಧಕದ ತೀಕ್ಷ್ಣವಾದ ವಾಸನೆಯೂ ಇರುತ್ತದೆ. ಕಾರ್ಬ್ಯುರೇಟರಿನಿಂದ ತುಳುಕಿದ ಪೆಟ್ರೋಲು ಹಳೆಯ ಜಿಡ್ಡನ್ನು ಕರಗಿಸಿಕೊಂಡು ಕೆಳಗಿಳಿದು ಎಣ್ಣೆಯ ಸೋರಿಕೆಯೆಂಬ ಭ್ರಮೆಯನ್ನು ಹುಟ್ಟಿಸುವುದೂ, ಹಿಂದಿನ ಚೈನಿಗೆ ಧಾರಾಳವಾಗಿ ಸುರಿದ ಎಣ್ಣೆಯು ಗೇರ್ ಬಾಕ್ಸಿನ ಹಿಂಬದಿಗೆ ಎರಚಿಕೊಳ್ಳುವುದೂ ಅಪರೂಪವಲ್ಲ. ವಾಹನವನ್ನು ಸೈಡ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿದರೆ ಅದು ಎಡಕ್ಕೆ ವಾಲುವುದರಿಂದ ಪ್ರೈಮರಿಯ ಸೋರಿಕೆ ಹೆಚ್ಚಾಗಿ ತೋರುತ್ತದೆ, ಬಲಗಡೆಯದು ಮರೆಯಾಗುತ್ತದೆ. ಡಬಲ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ನೋಡಿದ ಸಾಕ್ಷ್ಯವೇ ಸಾಕ್ಷ್ಯ.

ಅನಂತರ ಸ್ಥಳದ ನಿರ್ಣಯ. ಇದರಲ್ಲಿ ಶುಚಿತ್ವಕ್ಕಿಂತ ದೊಡ್ಡ ಉಪಕರಣವಿಲ್ಲ. ಸೀಮೆಎಣ್ಣೆ ಮತ್ತು ಬ್ರಷ್ಷಿನಿಂದ ಎಂಜಿನನ್ನು ತೊಳೆದು, ಸಾಬೂನಿನ ನೀರಿನಿಂದ ಮತ್ತೆ ತೊಳೆದು, ಬೋರಿನ ರೆಕ್ಕೆಗಳ ನಡುವಿನ ಜಿಡ್ಡನ್ನೂ ಬಿಡದೆ ಒರೆಸಿ ಒಣಗಿಸಿ, ಸಂಶಯವಿರುವ ಕೀಲುಗಳ ಮೇಲೆ ಸೀಮೆಸುಣ್ಣದ ಪುಡಿಯನ್ನೋ ಟಾಲ್ಕಂ ಪುಡಿಯನ್ನೋ ತೆಳ್ಳಗೆ ಉದುರಿಸಿ, ಐದಾರು ಕಿಲೋಮೀಟರು ಮಾತ್ರ ಓಡಿಸಿ ತಕ್ಷಣ ನೋಡಬೇಕು. ಹೆಚ್ಚು ದೂರ ಹೋದರೆ ಎಣ್ಣೆ ಎಲ್ಲೆಡೆ ಹಬ್ಬಿ ಪರೀಕ್ಷೆ ವ್ಯರ್ಥವಾಗುತ್ತದೆ. ಎಣ್ಣೆಯು ತಾನಾಗಿ ಕೆಳಗಿಳಿಯುತ್ತದೆ, ಗಾಳಿಯಿಂದ ಹಿಂದೆ ಸರಿಯುತ್ತದೆ. ಆದಕಾರಣ ಒದ್ದೆಯಾದ ಭಾಗಗಳಲ್ಲೆಲ್ಲ ಅತ್ಯಂತ ಮೇಲೂ ಅತ್ಯಂತ ಮುಂದೂ ಇರುವ ಬಿಂದುವೇ ಮೂಲವೆಂದು ತಿಳಿಯತಕ್ಕದ್ದು. ರಾಕರ್ ಕವರಿನಿಂದ ಜಿನುಗಿದ ಎಣ್ಣೆ ರೆಕ್ಕೆಗಳ ಮೇಲಿಂದ ಇಳಿದು ಬೋರಿನ ಬುಡವನ್ನು ಸೇರಿದಾಗ, ಬುಡದ ಪ್ಯಾಕಿಂಗೇ ಹೋಯಿತೆಂದು ಇಡೀ ಬೋರನ್ನು ಎತ್ತಿಸಿದ ಉದಾಹರಣೆಗಳು ಎಷ್ಟೋ ಇವೆ. ಇತ್ತೀಚೆಗೆ ಎಣ್ಣೆಯಲ್ಲಿ ಬಣ್ಣದ ದ್ರವವನ್ನು ಬೆರೆಸಿ ನೇರಳಾತೀತ ದೀಪದಿಂದ ನೋಡುವ ಕ್ರಮವೂ ಬಂದಿದೆ. ಅದು ಉಪಯುಕ್ತವೇ, ಆದರೆ ತೊಳೆಯುವ ಶ್ರಮವನ್ನು ಅದೂ ತಪ್ಪಿಸುವುದಿಲ್ಲ.

ಈ ಕ್ರಮದಿಂದ ನೋಡಿದಾಗ ಬುಲೆಟ್ಟಿನಲ್ಲಿ ಮತ್ತೆ ಮತ್ತೆ ಸಿಕ್ಕುವ ಸ್ಥಳಗಳು ಬಹಳವೇನಲ್ಲ. ರಾಕರ್ ಕವರುಗಳು, ರಾಕರಿಗೆ ಎಣ್ಣೆಯೊಯ್ಯುವ ಹೊರಗಿನ ಸಣ್ಣ ಕೊಳವೆಯ ತುದಿಗಳಲ್ಲಿರುವ ವಾಷರುಗಳು, ಬೋರಿನ ಬಲಬದಿಯಲ್ಲಿ ಒಂದೇ ನಟ್ಟಿನಿಂದ ನಿಂತಿರುವ ಟ್ಯಾಪೆಟ್ ಮುಚ್ಚಳ, ಪುಷ್‌ರಾಡುಗಳು ಹಾದುಹೋಗುವ ಹಾದಿಯಲ್ಲಿ ಹೆಡ್ಡೂ ಬೋರೂ ಕೂಡುವ ಕೀಲು, ಟೈಮಿಂಗ್ ಕವರು ಮತ್ತು ಅದರ ಫಿಲ್ಟರಿನ ಮುಚ್ಚಳ, ಹಲವು ಬಾರಿ ಬಿಚ್ಚಿ ಕಟ್ಟಿ ಥ್ರೆಡ್ ಹೋದ ಡ್ರೈನ್ ನಟ್ಟುಗಳು. ಎಡಗಡೆಯ ಪ್ರೈಮರಿ ಕವರು ನಡುವಿನ ಒಂದು ನಟ್ಟಿನಿಂದಲೂ ಅಂಚಿನ ರಬ್ಬರಿನ ಬಳೆಯಿಂದಲೂ ಭದ್ರವಾಗತಕ್ಕದ್ದು. ಸೋರಿತೆಂದು ಆ ನಟ್ಟನ್ನು ಬಲವಾಗಿ ಬಿಗಿದಷ್ಟೂ ಕವರು ಬಾಗಿ ಅಂಚು ಇನ್ನಷ್ಟು ತೆರೆದುಕೊಳ್ಳುತ್ತದೆ. ಗೇರ್ ಬಾಕ್ಸಿನ ವಿಚಾರದಲ್ಲಿ ಹೇಳಬೇಕಾದುದು ಸ್ವಲ್ಪ: ಮಂದವಾದ ಗ್ರೀಸಿಗೆಂದು ರಚಿಸಿದ ಪೆಟ್ಟಿಗೆಗೆ ತೆಳುವಾದ ಎಣ್ಣೆಯನ್ನು ತುಂಬಿ, ಕಿಕ್ಕರಿನ ದಂಡದ ಬಳಿ ಸೋರುತ್ತದೆಂದು ಕೊರಗುವುದು ನ್ಯಾಯವಲ್ಲ.

ಇಷ್ಟರಿಂದ ಸ್ಥಳ ತಿಳಿಯಿತು, ಕಾರಣ ತಿಳಿಯಲಿಲ್ಲ. ಅನೇಕರು ಇಲ್ಲಿಗೇ ನಿಲ್ಲುವುದರಿಂದಲೇ ಒಂದು ಕೀಲನ್ನು ಮುಚ್ಚಿದ ಮೇಲೆ ಮತ್ತೊಂದು ಕೀಲು ಒಸರತೊಡಗುತ್ತದೆ, ಅದನ್ನು ಮುಚ್ಚಿದರೆ ಮೂರನೆಯದು. ಹಲವು ಸ್ಥಳಗಳಲ್ಲಿ ಏಕಕಾಲಕ್ಕೆ ಸೋರುವ ಎಂಜಿನಿನಲ್ಲಿ ಅಷ್ಟು ಪ್ಯಾಕಿಂಗುಗಳೂ ಒಟ್ಟಿಗೆ ಕೆಟ್ಟಿವೆಯೆಂದು ಊಹಿಸುವುದಕ್ಕಿಂತ, ಅವೆಲ್ಲಕ್ಕೂ ಒಂದೇ ಒತ್ತಡ ಪೀಡೆಯಾಗಿದೆಯೆಂದು ಊಹಿಸುವುದೇ ಹೆಚ್ಚು ಯುಕ್ತ. ಈ ಒತ್ತಡದ ಮೂಲವೇನು? ಬುಲೆಟ್ಟಿನ ಬೋರು 70 ಮಿಲಿಮೀಟರು, ಸ್ಟ್ರೋಕು 90 ಮಿಲಿಮೀಟರು. ಪಿಸ್ಟನ್ ಒಮ್ಮೆ ಕೆಳಗಿಳಿದರೆ ಅದರ ಅಡಿಯಲ್ಲಿರುವ ಚೇಂಬರಿನ ಅವಕಾಶದಲ್ಲಿ 346 ಘನ ಸೆಂಟಿಮೀಟರು ಕಡಿಮೆಯಾಗುತ್ತದೆ, ಮೇಲೇರಿದರೆ ಅಷ್ಟೇ ಹೆಚ್ಚಾಗುತ್ತದೆ. ಎರಡು ಪಿಸ್ಟನ್ನುಗಳು ವಿರುದ್ಧ ದಿಕ್ಕಿನಲ್ಲಿ ಚಲಿಸುವ ಎಂಜಿನುಗಳಲ್ಲಿ ಒಂದರ ಒತ್ತುವಿಕೆ ಇನ್ನೊಂದರ ಸೆಳೆತಕ್ಕೆ ಸರಿಹೋಗುತ್ತದೆ. ಒಂಟಿ ಬೋರಿನ ಎಂಜಿನಿಗೆ ಆ ಸೌಕರ್ಯವಿಲ್ಲ. ನಿಮಿಷಕ್ಕೆ 3,000 ಸುತ್ತಿನ ವೇಗದಲ್ಲಿ ಈ ಕ್ರಿಯೆ ಸೆಕೆಂಡಿಗೆ 50 ಬಾರಿ ನಡೆಯುವಾಗ ಚೇಂಬರು ಕಮ್ಮಾರನ ತಿದಿಯಂತೆ ವರ್ತಿಸುತ್ತದೆ. ಇದನ್ನು ಅರಿತ ನಿರ್ಮಾಪಕರು ಚೇಂಬರಿಗೆ ಬ್ರೀದರನ್ನು ಇಟ್ಟರು. ಇದು ಕೇವಲ ತೂತಲ್ಲ, ಏಕಮುಖವಾದ ಕವಾಟ. ಪಿಸ್ಟನ್ ಇಳಿದಾಗ ಗಾಳಿಯನ್ನು ಹೊರಕ್ಕೆ ಬಿಟ್ಟು, ಏರಿದಾಗ ಒಳಕ್ಕೆ ಬಿಡದೆ ಮುಚ್ಚಿಕೊಳ್ಳುವುದರಿಂದ ಕೆಲವೇ ಸುತ್ತುಗಳಲ್ಲಿ ಚೇಂಬರಿನೊಳಗಿನ ಸರಾಸರಿ ಒತ್ತಡವು ಹೊರಗಿನ ವಾಯುವಿಗಿಂತ ಸ್ವಲ್ಪ ಕಡಿಮೆಯಾಗಿಯೇ ನಿಲ್ಲುತ್ತದೆ. ಒಳಗೆ ಒತ್ತಡ ಕಡಿಮೆಯಿದ್ದಲ್ಲಿ ಕೀಲು ತುಸು ಸಡಿಲವಾಗಿದ್ದರೂ ಹೊರಗಿನ ಗಾಳಿ ಒಳನುಗ್ಗಲು ನೋಡುತ್ತದೆಯೇ ಹೊರತು ಒಳಗಿನ ಎಣ್ಣೆ ಹೊರಬರಲು ನೋಡುವುದಿಲ್ಲ. ರೆಡಿಚ್ಚಿನ ಆ ರಚನಕಾರರ ವಿವೇಕಕ್ಕೆ ಇದಕ್ಕಿಂತ ಉತ್ತಮವಾದ ನಿದರ್ಶನವನ್ನು ನಾನು ಕಾಣೆನು.

ಈ ಕವಾಟದ ರೂಪ ಕಾಲಕಾಲಕ್ಕೆ ಬದಲಾಗಿದೆ. ಕೆಲವು ಮಾದರಿಗಳಲ್ಲಿ ತೆಳುವಾದ ತಗಡಿನ ಬಿಲ್ಲೆ, ಕೆಲವುಗಳಲ್ಲಿ ಚಪ್ಪಟೆಯಾದ ತುಟಿಯುಳ್ಳ ರಬ್ಬರಿನ ನಳಿಕೆ. ರಬ್ಬರು ವಯಸ್ಸಾಗಿ ಗಡುಸಾದರೆ ತುಟಿ ಮುಚ್ಚಿಕೊಳ್ಳುವುದಿಲ್ಲ. ಮಸಿಯೂ ಜಿಡ್ಡೂ ಕಟ್ಟಿಕೊಂಡರೆ ತೆರೆದುಕೊಳ್ಳುವುದಿಲ್ಲ. ಯಾರೋ ಅಂದಕ್ಕಾಗಿ ನಳಿಕೆಯನ್ನು ಮಡಚಿ ಕಟ್ಟಿದರಂತೂ ಗಾಳಿಗೆ ದಾರಿಯೇ ಇಲ್ಲವಾಗುತ್ತದೆ. ಕಾಸಿನ ಬೆಲೆಯ ಈ ವಸ್ತುವನ್ನು ನೋಡದೆ ಸಾವಿರಾರು ರೂಪಾಯಿಯ ಕೆಲಸಕ್ಕೆ ಕೈಹಾಕುವುದನ್ನು ಕಂಡಾಗ ಮನಸ್ಸಿಗೆ ನಿಜವಾಗಿಯೂ ಖೇದವಾಗುತ್ತದೆ. ಪರೀಕ್ಷೆಯೂ ಸುಲಭ. ಪಾರದರ್ಶಕವಾದ ಸಣ್ಣ ಕೊಳವೆಯನ್ನು ಎರಡು ತುದಿಗಳೂ ಮೇಲಕ್ಕಿರುವಂತೆ ಬಾಗಿಸಿ ಹಲಗೆಗೆ ಕಟ್ಟಿ, ಅರ್ಧದವರೆಗೆ ಬಣ್ಣದ ನೀರು ತುಂಬಿ, ಒಂದು ತುದಿಯನ್ನು ಬ್ರೀದರಿಗಲ್ಲ, ಚೇಂಬರಿನ ಅವಕಾಶಕ್ಕೇ ನೇರವಾಗಿ ತೆರೆದಿರುವ ಬೇರೊಂದು ರಂಧ್ರಕ್ಕೆ ಗಾಳಿಯಾಡದಂತೆ ಜೋಡಿಸಿ ಎಂಜಿನನ್ನು ನಡೆಸಬೇಕು. ನೀರಿನ ಕಂಪನವು ವಿಪರೀತವಾದರೆ ಕೊಳವೆಯನ್ನು ಒಂದೆಡೆ ಕೊಂಚ ಹಿಸುಕಬೇಕು. ನೀರು ಎಂಜಿನಿನ ಕಡೆಗೆ ಏರಿದರೆ ಒಳಗೆ ಸೆಳೆತವಿದೆ, ಬ್ರೀದರು ತನ್ನ ಕೆಲಸವನ್ನು ಮಾಡುತ್ತಿದೆ. ನೀರು ಹೊರಗಿನ ತುದಿಯತ್ತ ನೂಕಲ್ಪಟ್ಟರೆ ಒಳಗೆ ಒತ್ತಡವಿದೆ; ಆಗ ಬ್ರೀದರನ್ನು ಶುಚಿಮಾಡಿ ಅಥವಾ ಹೊಸದನ್ನು ಹಾಕಿ ಮತ್ತೆ ನೋಡಬೇಕು. ಆಗಲೂ ಒತ್ತಡ ಇಳಿಯದಿದ್ದರೆ ದಹನಗೊಂಡ ಅನಿಲವು ಪಿಸ್ಟನ್ನಿನ ರಿಂಗುಗಳನ್ನು ದಾಟಿ ಕೆಳಗಿಳಿಯುತ್ತಿದೆಯೆಂದು ಅರ್ಥ; ದೋಷವಿರುವುದು ಬೋರಿನಲ್ಲಿ, ಪ್ಯಾಕಿಂಗಿನಲ್ಲಲ್ಲ.

ಈ ಭೇದವನ್ನು ಯಾವ ಉಪಕರಣವೂ ಇಲ್ಲದೆ ತೋರಿಸಿಕೊಡುವುದು ಗೂಡಲೂರು–ನಡುವಟ್ಟದ ಘಟ್ಟ. ಗೂಡಲೂರಿನಿಂದ ಏರುವಾಗ ಎಂಜಿನ್ ಕೆಳಗಿನ ಗೇರಿನಲ್ಲಿ, ಥ್ರಾಟಲ್ ತೆರೆದು, ಪೂರ್ಣಭಾರವನ್ನು ಹೊತ್ತು ದುಡಿಯುತ್ತದೆ; ಪಿಸ್ಟನ್ನಿನ ಮೇಲಿನ ಒತ್ತಡ ಪರಮಾವಧಿಗೆ ಮುಟ್ಟುವುದರಿಂದ ಸವೆದ ರಿಂಗುಗಳ ಮೂಲಕ ಅನಿಲ ಸೋರುವುದು ಆಗಲೇ ಹೆಚ್ಚು. ಇಂಥ ಎಂಜಿನ್ ನಡುವಟ್ಟವನ್ನು ತಲುಪುವ ಹೊತ್ತಿಗೆ ಬ್ರೀದರಿನಿಂದ ಹೊಗೆಯೂ ಎಣ್ಣೆಯ ತುಂತುರೂ ಹೊರಬಂದು, ಟ್ಯಾಪೆಟ್ ಮುಚ್ಚಳ, ಟೈಮಿಂಗ್ ಕವರುಗಳೆಲ್ಲ ಒದ್ದೆಯಾಗಿರುತ್ತವೆ. ಹಿಂದೆ ಬರುವವರಿಗೆ ಸೈಲೆನ್ಸರಿನಿಂದ ನೀಲಿಹೊಗೆ ಎಡೆಬಿಡದೆ ಕಾಣುತ್ತದೆ. ಇಳಿಯುವಾಗಿನ ಪರಿಸ್ಥಿತಿ ತದ್ವಿರುದ್ಧ. ಥ್ರಾಟಲ್ ಮುಚ್ಚಿ, ಎರಡನೆಯ ಗೇರಿನಲ್ಲಿ ಎಂಜಿನನ್ನೇ ತಡೆಯಾಗಿ ಮಾಡಿಕೊಂಡು ಬಂದಾಗ, ಗಾಳಿ ಬರುವ ದಾರಿ ಮುಚ್ಚಿರುವುದರಿಂದ ಇನ್‌ಲೆಟ್ ಹಾದಿಯಲ್ಲಿ ಬಲವಾದ ನಿರ್ವಾತ ಉಂಟಾಗುತ್ತದೆ; ಇನ್‌ಲೆಟ್ ವಾಲ್ವಿನ ಗೈಡು ಸವೆದಿದ್ದರೆ ಆ ಸೆಳೆತಕ್ಕೆ ರಾಕರಿನ ಎಣ್ಣೆ ಗೈಡಿನ ಸಂದಿನಿಂದ ಒಳಗಿಳಿದು ಸಂಚಯವಾಗುತ್ತದೆ. ಇಳಿಜಾರು ಮುಗಿದು ಮೊದಲ ಬಾರಿಗೆ ಥ್ರಾಟಲ್ ತೆರೆದಾಗ ಒಂದು ದಟ್ಟವಾದ ನೀಲಿಹೊಗೆಯ ಮೋಡ ಎದ್ದು, ಸ್ವಲ್ಪ ದೂರದಲ್ಲಿಯೇ ಶಮನವಾದರೆ ದೋಷವು ಗೈಡಿನದು. ಬೋರನ್ನು ಬಿಚ್ಚುವ ಅಗತ್ಯವಿಲ್ಲ. ಏರುವಾಗ ಹೊಗೆ, ಇಳಿದ ಮೇಲೆ ಹೊಗೆ ಎಂಬ ಈ ಎರಡರ ವ್ಯತ್ಯಾಸವನ್ನು ಗಮನಿಸುವ ಸವಾರನು ನಿದಾನದ ಅರ್ಧಭಾಗವನ್ನು ಮುಗಿಸಿದಂತೆಯೇ. ಏರಿನಲ್ಲಿಯೂ ಇಳಿಜಾರಿನಲ್ಲಿಯೂ ಹೊಗೆಯಿಲ್ಲದೆ, ಬ್ರೀದರಿನಲ್ಲಿಯೂ ಉಸಿರು ಸಮವಾಗಿದ್ದು, ಒಂದೇ ಕೀಲಿನಲ್ಲಿ ಎಣ್ಣೆ ಜಿನುಗಿದರೆ ಮಾತ್ರ ಪ್ಯಾಕಿಂಗಿನವರ ಪಕ್ಷವನ್ನು ಒಪ್ಪಬಹುದು.

ಈ ಎತ್ತರದ ಪ್ರಭಾವ ಇನ್ನೂ ಒಂದುಂಟು. ನಡುವಟ್ಟದಲ್ಲಿ ವಾಯುವಿನ ಒತ್ತಡ ಸಮುದ್ರಮಟ್ಟದ ಐದರಲ್ಲಿ ನಾಲ್ಕು ಭಾಗದಷ್ಟು ಮಾತ್ರ. ಕೆಳನಾಡಿಗೆ ಹೊಂದಿಸಿದ ಕಾರ್ಬ್ಯುರೇಟರು ಇಲ್ಲಿ ಗಾಳಿಗೆ ಮೀರಿದ ಪೆಟ್ರೋಲನ್ನು ಕೊಡುತ್ತದೆ. ಬೆಳಗಿನ ಚಳಿಯಲ್ಲಿ ಚೋಕ್ ಎಳೆದು ನಡೆಸಿದರೆ ಉರಿಯದೆ ಉಳಿದ ಪೆಟ್ರೋಲು ಬೋರಿನ ಗೋಡೆಯ ಎಣ್ಣೆಯನ್ನು ತೊಳೆದುಕೊಂಡು ಕೆಳಕ್ಕಿಳಿದು ಎಂಜಿನಿನ ಎಣ್ಣೆಯನ್ನು ತೆಳ್ಳಗೆ ಮಾಡುತ್ತದೆ. ತೆಳುವಾದ ಎಣ್ಣೆಗೆ ಹೊರಬರಲು ಸಣ್ಣ ಸಂದೇ ಸಾಕು. ಅಳತೆಯ ಕಡ್ಡಿಯಲ್ಲಿ ಎಣ್ಣೆಯ ಮಟ್ಟವು ಇಳಿಯುವ ಬದಲು ಏರುತ್ತಿದ್ದು, ಕಡ್ಡಿಗೆ ಪೆಟ್ರೋಲಿನ ವಾಸನೆಯಿದ್ದರೆ, ಮೊದಲು ಎಣ್ಣೆಯನ್ನು ಬದಲಾಯಿಸಿ ಕಾರ್ಬ್ಯುರೇಟರನ್ನು ಸರಿಪಡಿಸಬೇಕು. ನೈಋತ್ಯ ಮಾರುತದ ತಿಂಗಳುಗಳಲ್ಲಿ ಮಂಜೂ ಮಳೆಯೂ ಬಿಡದೆ ಇರುವಾಗ, ತೋಟದಿಂದ ಅಂಗಡಿಯವರೆಗಿನ ಕಿರುದೂರದ ಓಡಾಟದಲ್ಲಿ ಎಂಜಿನ್ ಪೂರ್ತಿಯಾಗಿ ಕಾಯುವುದೇ ಇಲ್ಲ. ಒಳಗೆ ಹನಿಗಟ್ಟಿದ ನೀರು ಎಣ್ಣೆಯೊಡನೆ ಕಲೆತು ರಾಕರ್ ಕವರಿನಲ್ಲಿಯೂ ಬ್ರೀದರಿನ ನಳಿಕೆಯಲ್ಲಿಯೂ ಬೆಳ್ಳಗಿನ ನೊರೆಜಿಡ್ಡಾಗಿ ಕೂಡುತ್ತದೆ. ಈ ಜಿಡ್ಡು ನಳಿಕೆಯನ್ನು ಮುಚ್ಚಿದರೆ ಹಿಂದೆ ಹೇಳಿದ ಒತ್ತಡದ ಪೀಡೆ ಪ್ರಾರಂಭವಾಗುತ್ತದೆ. ಇದಕ್ಕೆ ಔಷಧವೆಂದರೆ ನಳಿಕೆಯನ್ನು ಶುಚಿಮಾಡುವುದು ಮತ್ತು ವಾರಕ್ಕೊಮ್ಮೆಯಾದರೂ ಯಂತ್ರವನ್ನು ಚೆನ್ನಾಗಿ ಕಾಯುವಷ್ಟು ದೂರ ಓಡಿಸುವುದು.

ಬಹುದಿನ ನಿಂತ ಬುಲೆಟ್ಟನ್ನು ಹೊರಡಿಸಿದೊಡನೆ ಬ್ರೀದರಿನಿಂದ ಎಣ್ಣೆ ಧಾರೆಯಾಗಿ ಬಂದುದನ್ನು ಕಂಡು ಎಂಜಿನ್ ಹಾಳಾಯಿತೆಂದು ಭಯಪಡುವವರಿದ್ದಾರೆ. ತೊಟ್ಟಿಯೂ ಚೇಂಬರೂ ಅಕ್ಕಪಕ್ಕದಲ್ಲಿಯೇ ಇರುವುದರಿಂದ, ಪಂಪಿನ ಬಿಲ್ಲೆ ಸವೆದಿದ್ದರೆ ತೊಟ್ಟಿಯ ಎಣ್ಣೆ ನಿಂತಲ್ಲಿಯೇ ನಿಧಾನವಾಗಿ ಚೇಂಬರಿಗೆ ಜಾರುತ್ತದೆ. ಎಂಜಿನ್ ಹೊರಟಾಗ ಪಿಸ್ಟನ್ ಆ ಹೆಚ್ಚುವರಿಯನ್ನು ಬ್ರೀದರಿನಿಂದ ಹೊರಗೆ ನೂಕುತ್ತದೆ. ಇದಕ್ಕಿಂತ ಹೆಚ್ಚಿನ ಅನರ್ಥವಾಗುವುದು ಸವಾರನು ನಿಂತ ಎಂಜಿನಿನಲ್ಲಿ ಕಡ್ಡಿಯನ್ನು ಅದ್ದಿ, ಎಣ್ಣೆ ಕಡಿಮೆಯಾಗಿದೆಯೆಂದು ಮತ್ತೆ ತುಂಬಿದಾಗ. ಆ ಮೇಲೆ ನಡೆಯುವ ಸ್ರಾವವೆಲ್ಲ ಅವನೇ ತುಂಬಿದ ಎಣ್ಣೆಯದು. ಎಂಜಿನನ್ನು ಕೆಲವು ನಿಮಿಷ ನಡೆಸಿ, ಮರಳಿಸುವ ಪಂಪು ಚೇಂಬರನ್ನು ಬರಿದುಮಾಡಿದ ಮೇಲೆ ಮಟ್ಟವನ್ನು ನೋಡುವುದೇ ಸರಿಯಾದ ಕ್ರಮ.

ಕೀಲಿನ ಮುಖಗಳ ಮಾತು ಇನ್ನುಳಿದಿದೆ. ಈ ಎಂಜಿನಿನ ಬೋರು ಕಬ್ಬಿಣದ್ದು, ಹೆಡ್ಡೂ ಚೇಂಬರೂ ಅಲ್ಯುಮಿನಿಯಮ್ಮಿನವು. ಒಂದೇ ಪ್ರಮಾಣದ ಬಿಸಿಗೆ ಅಲ್ಯುಮಿನಿಯಂ ಕಬ್ಬಿಣದ ಸುಮಾರು ಎರಡರಷ್ಟು ಹಿಗ್ಗುತ್ತದೆ. ಘಟ್ಟವೇರಿ ಕಾದು, ಮಂಜಿನಲ್ಲಿ ನಿಂತು ತಣ್ಣಗಾಗುವ ಎಂಜಿನಿನಲ್ಲಿ ಈ ಎರಡು ಲೋಹಗಳ ನಡುವಿನ ಎಳೆದಾಟ ಪ್ರತಿದಿನವೂ ನಡೆಯುತ್ತದೆ. ಆದ್ದರಿಂದಲೇ ಕೆಲವು ಕೀಲುಗಳು ಬಿಸಿಯಲ್ಲಿ ಮಾತ್ರ, ಕೆಲವು ತಣ್ಣಗಿರುವಾಗ ಮಾತ್ರ ಸೋರುತ್ತವೆ. ಬಾಗಿದ ಕವರಿನ ಮುಖವನ್ನು ದಪ್ಪವಾದ ಗಾಜಿನ ಹಲಗೆಯ ಮೇಲೆ ಹರಡಿದ ಎಮರಿ ಕಾಗದದಲ್ಲಿ ಎಂಟರ ಆಕೃತಿಯಲ್ಲಿ ನಿಧಾನವಾಗಿ ಉಜ್ಜಿ ಸಮಮಾಡಬಹುದು. ಮುಖವೆಲ್ಲ ಏಕರೀತಿಯ ಮಾಸಲು ಬಣ್ಣಕ್ಕೆ ಬಂದರೆ ಅದು ಸಮವಾಯಿತು. ಅಂಟಿನ ವಿಷಯದಲ್ಲಿ ನನ್ನ ಅಭಿಪ್ರಾಯ ಕಠಿಣವಾದುದು. ಚೇಂಬರಿನ ಎರಡು ಹೋಳುಗಳು ಕೂಡುವಂತಹ, ಪ್ಯಾಕಿಂಗಿಲ್ಲದ ಕೀಲುಗಳಿಗೆ ತೆಳುವಾದ ಲೇಪ ಬೇಕೇ ಬೇಕು. ಆದರೆ ಸಿಲಿಕೋನ್ ಅಂಟನ್ನು ಧಾರಾಳವಾಗಿ ಬಳಿದರೆ ಹೊರಗೆ ಉಬ್ಬಿ ಕಂಡಷ್ಟೇ ಒಳಗೂ ಉಬ್ಬಿರುತ್ತದೆ. ಒಳಗಿನ ಎಳೆ ಕಳಚಿ ಎಣ್ಣೆಯೊಡನೆ ಸಾಗಿ ಕ್ರ್ಯಾಂಕಿಗೆ ಹೋಗುವ ಸಣ್ಣ ಹಾದಿಯನ್ನು ಕಟ್ಟಿತೆಂದರೆ ಬಿಗ್‌ಎಂಡ್ ಬೇರಿಂಗು ಒಣಗಿ ನಾಶವಾಗುತ್ತದೆ. ಸೋರಿಕೆ ನಿಂತಿತೆಂಬ ಸಂತೋಷಕ್ಕೆ ಅದು ಬಹು ದುಬಾರಿಯಾದ ಬೆಲೆ. ಹೊರಗಿನಿಂದ ಎಂ-ಸೀಲ್ ಮೆತ್ತುವುದು ದಾರಿಯಲ್ಲಿ ಸಿಕ್ಕಿಬಿದ್ದಾಗ ಮನೆ ಸೇರುವ ಉಪಾಯವೇ ಹೊರತು ಚಿಕಿತ್ಸೆಯಲ್ಲ.

ಬುಲೆಟ್ಟಿನಂತೆ ಕಣ್ಣಿಗೆ ಕಾಣುವಂತೆ ಸೋರದೆ, ಕಾಣದ ಹಾಗೆ ಎಣ್ಣೆ ಕಳೆದುಕೊಳ್ಳುವ ಯಂತ್ರಗಳ ವಿಚಾರವನ್ನೂ ಇಲ್ಲಿ ಹೇಳದಿದ್ದರೆ ಸಮೀಕ್ಷೆ ಅಪೂರ್ಣವಾದೀತು. ರುಸ್ತುಂ ಇರಾನಿ ಮತ್ತು ಫಾರೂಕ್ ಇರಾನಿಯವರ ಐಡಿಯಲ್ ಜಾವಾ ಕಂಪನಿ 1961ರಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಕೆಲಸವನ್ನಾರಂಭಿಸಿ, ಮೊದಲು ಜಾವಾ ಎಂಬ ಹೆಸರಿನಲ್ಲಿಯೂ 1973ರಿಂದ ಯೆಜ್ದಿ ಎಂಬ ಹೆಸರಿನಲ್ಲಿಯೂ 1996ರವರೆಗೆ ನಿರ್ಮಿಸಿದ ಎರಡು ಸ್ಟ್ರೋಕಿನ ವಾಹನಗಳು ಈ ದಾರಿಯಲ್ಲಿ ದಶಕಗಳ ಕಾಲ ಘಟ್ಟವೇರಿವೆ. ಅವುಗಳಲ್ಲಿ ಎಂಜಿನಿನ ಎಣ್ಣೆ ಪೆಟ್ರೋಲಿನಲ್ಲಿಯೇ ಬೆರೆತಿರುತ್ತದೆ. ಕ್ಲಚ್ಚಿಗೂ ಗೇರಿಗೂ ಮಾತ್ರ ಪ್ರತ್ಯೇಕವಾದ ಎಣ್ಣೆಯುಂಟು. ಎರಡು ಸ್ಟ್ರೋಕಿನ ಚೇಂಬರು ಸ್ವಭಾವದಿಂದಲೇ ಒಮ್ಮೆ ಹೀರುತ್ತದೆ, ಒಮ್ಮೆ ಒತ್ತುತ್ತದೆ. ಎಡಗಡೆಯ ಕ್ರ್ಯಾಂಕ್ ಸೀಲು ಸವೆದರೆ ಚೇಂಬರು ಕ್ಲಚ್ಚಿನ ಎಣ್ಣೆಯನ್ನು ಹೀರಿ ಸುಡುತ್ತದೆ: ನೆಲದ ಮೇಲೆ ಒಂದು ಹನಿಯೂ ಇಲ್ಲ, ಆದರೆ ಗೇರ್ ಎಣ್ಣೆಯ ಮಟ್ಟ ದಿನೇ ದಿನೇ ಇಳಿಯುತ್ತದೆ, ಸೈಲೆನ್ಸರುಗಳಲ್ಲಿ ಬೆಳ್ಳಗಿನ ದಟ್ಟಹೊಗೆ ನಿಲ್ಲುವುದಿಲ್ಲ, ಪ್ಲಗ್ಗು ಮತ್ತೆ ಮತ್ತೆ ಒದ್ದೆಯಾಗುತ್ತದೆ. ಬಲಗಡೆ, ಡೈನಮೋವಿನ ಬದಿಯ ಸೀಲು ಹೋದರೆ ಹೀರುವುದು ಬರಿಯ ಗಾಳಿಯನ್ನು. ಮಿಶ್ರಣ ತೆಳುವಾಗಿ ಎಂಜಿನ್ ಅತಿಯಾಗಿ ಕಾಯುತ್ತದೆ. ಏರಿನಲ್ಲಿ ಪಿಸ್ಟನ್ ಹಿಡಿದುಕೊಳ್ಳುವುದು ಹೆಚ್ಚಾಗಿ ಇಂಥ ಯಂತ್ರಗಳಲ್ಲಿಯೇ. ಸೈಲೆನ್ಸರಿನ ಕೀಲಿನಿಂದ ಇಳಿಯುವ ಕಪ್ಪು ಡಾಂಬರಿನಂತಹ ದ್ರವವನ್ನು ಕಂಡು ಎಂಜಿನ್ ಸೋರುತ್ತಿದೆಯೆಂದು ತಿಳಿಯಬಾರದು. ಅದು 20ಕ್ಕೋ 25ಕ್ಕೋ ಒಂದರಂತೆ ಪೆಟ್ರೋಲಿಗೆ ಬೆರೆಸಿದ ಎಣ್ಣೆಯಲ್ಲಿ ಉರಿಯದೆ ಉಳಿದ ಭಾಗ.

ಇವುಗಳ ನಿದಾನಕ್ಕೆ ಚೇಂಬರಿನ ವಾಯುಪರೀಕ್ಷೆಯೇ ಶರಣ್ಯ. ಕಾರ್ಬ್ಯುರೇಟರನ್ನೂ ಸೈಲೆನ್ಸರುಗಳನ್ನೂ ತೆಗೆದು, ಆ ದ್ವಾರಗಳನ್ನು ರಬ್ಬರಿನ ಬಿರಡೆಗಳಿಂದ ಬಿಗಿಯಾಗಿ ಮುಚ್ಚಿ, ಒಂದು ಬಿರಡೆಯಲ್ಲಿ ಸೈಕಲ್ ಟ್ಯೂಬಿನ ವಾಲ್ವನ್ನು ತೂರಿಸಿ, ಅಳತೆಯ ಮುಳ್ಳಿನೊಡನೆ ಕೈಪಂಪಿನಿಂದ ಚದರಂಗುಲಕ್ಕೆ ಐದಾರು ಪೌಂಡಿನಷ್ಟು ಗಾಳಿಯನ್ನು ತುಂಬಬೇಕು. ಇದಕ್ಕೆ ಮೀರಿದರೆ ಒಳ್ಳೆಯ ಸೀಲೂ ತನ್ನ ಸ್ಥಾನದಿಂದ ಜರುಗಬಹುದು. ಐದು ನಿಮಿಷದವರೆಗೆ ಮುಳ್ಳು ಹೆಚ್ಚು ಇಳಿಯದೆ ನಿಂತರೆ ಚೇಂಬರು ಭದ್ರ. ಇಳಿದರೆ ಸಾಬೂನಿನ ನೀರನ್ನು ಬೋರಿನ ಬುಡಕ್ಕೂ ಡೈನಮೋದ ಹಿಂಬದಿಗೂ ಬಳಿದು ಗುಳ್ಳೆಯನ್ನು ಹುಡುಕಬೇಕು. ಎಲ್ಲಿಯೂ ಗುಳ್ಳೆ ಕಾಣದೆ, ಗೇರ್ ಎಣ್ಣೆಯನ್ನು ತುಂಬುವ ರಂಧ್ರದಿಂದ ಗಾಳಿ ಬಂದರೆ ಎಡಗಡೆಯ ಸೀಲಿನ ದೋಷ ನಿಸ್ಸಂದೇಹ. ಹೊಸ ಸೀಲನ್ನು ಕೂರಿಸುವ ಮುನ್ನ ಕ್ರ್ಯಾಂಕಿನ ದಂಡದ ಮೇಲೆ ಹಳೆಯ ಸೀಲು ಕೊರೆದ ಗೆರೆಯಿದೆಯೇ ಎಂದು ಉಗುರಿನಿಂದ ಸವರಿ ನೋಡುವುದನ್ನು ಮರೆಯಬಾರದು. ಆ ಗೆರೆಯಿದ್ದಲ್ಲಿ ಸೀಲನ್ನು ಒಂದೆರಡು ಮಿಲಿಮೀಟರು ಸರಿಸಿ, ಅದರ ತುಟಿಯು ಸವೆಯದ ಲೋಹದ ಮೇಲೆ ಕೂರುವಂತೆ ಮಾಡಬೇಕು. ಬೇರಿಂಗು ಆಡುತ್ತಿದ್ದರಂತೂ ಸೀಲಿಗೆ ಮೊದಲು ಬೇರಿಂಗನ್ನೇ ಬದಲಾಯಿಸಬೇಕು.